ಯಜಮಾನರು ಒಳಗಿದ್ದಾರೆ

ಇಸ್ತ್ರಿಯಮ್ಮನಿಗೆ ಗುಮಾನಿ ಅನ್ನುವುದು ಹುಟ್ಟಿನಿಂದಲೇ ಅಂಟಿಕೊಂಡ ಕಾಯಿಲೆ ಎಂದು ಅವಳ ಗಂಡ ಹೇಳುತ್ತಿದ್ದ. ಕಾಯಿಲೆಯಂತೆ ಕಾಯಿಲೆ, ಕಣ್ಣು ತೆರೆದುಕೊಂಡು ಬದುಕುವುದಕ್ಕೆ ಹಾಗಂತಾರಾ ಎಂದು ಅವಳು ತಿರುಗಿ ಕೇಳುತ್ತಿದ್ದಳು. ಹಾಲು ತಂದರೆ ಎರಡು ಸಲ ಮೂಸುವಳು. ಬಾಗಿಲು ಹಾಕಿ ಮಲಗಿದ ಮೇಲೆ ಮತ್ತೆ ಎದ್ದು ಹೋಗಿ ಚಿಲಕ ಎಳೆದು ನೋಡುವಳು. ದಾರಿಯಲ್ಲಿ ಯಾರಾದರೂ ಸುಮ್ಮನೆ ನಕ್ಕರೆ, ಯಾಕೆ ನಕ್ಕರು ಎಂದು ಸಂಜೆಯವರೆಗೂ ತಲೆಗೆ ಹುಳ ಬಿಟ್ಟುಕೊಳ್ಳುವಳು. ಮನೆಯಲ್ಲಿ ಅವಳಿಗೆ ಇಟ್ಟ ಹೆಸರು ಸಿಸಿಟಿವಿ. ಅದು ಅವಳ ಕಿವಿಗೂ ಬಿದ್ದಿತ್ತು. ಬೇಜಾರೇನೂ ಆಗಿರಲಿಲ್ಲ. ಕರೆಂಟು ಹೋದರೆ ಸಿಸಿಟಿವಿ ನಿಲ್ಲುತ್ತೆ, ನಾನು ನಿಲ್ಲಲ್ಲ ಎಂದು ಒಳಗೊಳಗೇ ಬೀಗಿದ್ದಳು.

ಕೆಲಸವೂ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಮೂರಂತಸ್ತಿನ ಹಳೇ ಕಟ್ಟಡದಲ್ಲಿ ನೆಲದ ಮನೆ ಅವಳದು, ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಕಿಟಕಿಗೆ ಒತ್ತಿಕೊಂಡು ಮೇಜು, ಮೇಜಿನ ಮೇಲೆ ದಪ್ಪ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಕಂದಿದ ಬಿಳಿ ಹಾಸು. ಬೆಳಕು ಹರಿಯುವ ಮುಂಚೆಯೇ ಅವಳು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತರೆ ಕೈ ಅದರ ಪಾಡಿಗೆ ಕಾಲರು, ತೋಳು, ಬೆನ್ನು ಎಂದು ಓಡುತ್ತಿತ್ತು, ಕಣ್ಣು ಮಾತ್ರ ಅಂಗಳದಲ್ಲಿರುತ್ತಿತ್ತು. ಅಂಗಳದಲ್ಲಿ ಬಾಡಿಗೆಯವರ ಸ್ಕೂಟರುಗಳು, ಕಟ್ಟಡದ ಸಂಘದ ಅಧ್ಯಕ್ಷರ ಕಾರು, ಗೋಡೆಯ ಪಕ್ಕದಲ್ಲಿ ಅವಳ ಗಂಡನ ಬ್ರೆಡ್ಡಿನ ವ್ಯಾನು.

ಆ ವ್ಯಾನೇ ಸಂಸಾರದ ಬೆನ್ನೆಲುಬು. ಗಂಡ ಬೆಳಗಿನ ಜಾವವೇ ಬೇಕರಿಗೆ ಹೋಗಿ ಬಿಸಿ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವವನು, ರಾತ್ರಿಯೂ ಒಂದು ಸುತ್ತು. ಒಳ್ಳೆಯ ಮನುಷ್ಯ, ಬೋಳುತಲೆ, ಹೆಂಡತಿಯ ಮಾತಿಗೆ ಎದುರಾಡಿದವನಲ್ಲ. ಗಾಡಿ ಅವನಿಗಿಂತ ಸುಸ್ತಾಗಿತ್ತು. ಚಳಿಗಾಲದಲ್ಲಂತೂ ಮೊದಲ ಸಲಕ್ಕೆ ಸ್ಟಾರ್ಟ್ ಆದದ್ದೇ ಇಲ್ಲ. ಕೆಮ್ಮಿ, ಕ್ಯಾಕರಿಸಿ, ಅವನ ಬಾಯಿಂದ ನಾಲ್ಕು ಮಾತು ಅನ್ನಿಸಿಕೊಂಡ ಮೇಲೇ ಅದಕ್ಕೆ ಉಸಿರು ಬರುತ್ತಿತ್ತು. ಆದರೂ ಅದೊಂದು ಹೋದರೆ ಮನೆಯ ಕಥೆ ಮುಗಿದ ಹಾಗೆ. ಪಕ್ಕದ ಬೀದಿಯಲ್ಲಿ ಒಂದು ವ್ಯಾನು ಕಳುವಾದ ಸುದ್ದಿ ಬಂದಾಗಿನಿಂದ ಇಸ್ತ್ರಿಯಮ್ಮನ ನಿದ್ದೆ ಹಾರಿಹೋಗಿತ್ತು.

ಹಿಂದಿನ ಕೋಣೆಯಲ್ಲಿ ಅತ್ತೆ. ಮೊಣಕಾಲು ಹಿಡಿದುಕೊಂಡು ಹೋದ ಚಳಿಗಾಲದಿಂದ ಹೊಸಿಲು ದಾಟಿರಲಿಲ್ಲ. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ. ಆ ಕೋಣೆಗೆ ಹಿಂದಿನ ಓಣಿಯ ಕಡೆಗೆ ಒಂದು ತಗ್ಗು ಕಿಟಕಿ. ಹಿಂದೊಮ್ಮೆ ಆ ಕಿಟಕಿಯಿಂದ ಕೆಂಚು ಬಣ್ಣದ ಬೆಕ್ಕೊಂದು ಒಳಗೆ ಬಂದು, ಇಸ್ತ್ರಿಯಾದ ಬಟ್ಟೆಯ ಮೇಲೆ ಸುಖವಾಗಿ ಮಲಗಿ, ಗಿರಾಕಿಯೊಬ್ಬರ ಕಪ್ಪು ಕೋಟನ್ನು ಕೆಂಚು ಮಾಡಿಟ್ಟಿತ್ತು. ಆ ಗಿರಾಕಿ ಅಂಗಡಿಯ ಮುಂದೆ ನಿಂತು ಕೂಗಾಡಿದ್ದು ಇಡೀ ಬೀದಿಗೆ ಕೇಳಿಸಿತ್ತು. ಅವತ್ತು ಇಸ್ತ್ರಿಯಮ್ಮ ಪೊರಕೆ ಹಿಡಿದು ಬೆಕ್ಕನ್ನು ಓಡಿಸಿ, "ಇನ್ನೊಂದ್ಸಲ ಈ ಮನೆಗೆ ಬೆಕ್ಕು ಕಾಲಿಟ್ರೆ ನಾನು ಕಾಲು ತೆಗೀತೀನಿ" ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು. ಅತ್ತೆ ತುಟಿ ಪಿಟಕ್ಕೆಂದಿರಲಿಲ್ಲ. ಅಂದಿನಿಂದ ಪ್ರತಿ ರಾತ್ರಿ ಆ ಕಿಟಕಿಯ ಚಿಲಕ ಹಾಕುವುದು ಸೊಸೆಯೇ. ಕಳ್ಳ ಬರ್ತಾನೆ, ಬೆಕ್ಕು ಬರುತ್ತೆ, ಎರಡಕ್ಕೂ ಅದೊಂದೇ ಚಿಲಕ.

ಹೀಗಿರುವಾಗ ಎರಡನೇ ಮಹಡಿಗೆ ಗಡಿಯಾರದವನು ಬಾಡಿಗೆಗೆ ಬಂದ. ಬಸ್ ನಿಲ್ದಾಣದ ಹತ್ತಿರ ಗೂಡಂಗಡಿಯಷ್ಟು ಜಾಗದಲ್ಲಿ ಗಡಿಯಾರ ರಿಪೇರಿ ಮಾಡುವವನು. ನಡುವಯಸ್ಸು, ಸಣಕಲು, ಒಬ್ಬನೇ. ಮೆತ್ತಗೆ ನಡೆಯುವನು, ಮೆತ್ತಗೆ ಮಾತಾಡುವನು. ಮೆತ್ತಗೆ ಮಾತಾಡುವವರನ್ನು ಇಸ್ತ್ರಿಯಮ್ಮ ನಂಬುತ್ತಿರಲಿಲ್ಲ. ಬಾಯಿ ಬಿಟ್ಟು ಬೈಯುವವರ ಹೊಟ್ಟೆಯಲ್ಲಿ ಏನಿದೆಯೆಂದು ಗೊತ್ತಾಗುತ್ತೆ, ಇಂಥವರದ್ದು ದೇವರಿಗೇ ಗೊತ್ತಾಗಬೇಕು. ಮೊದಲ ವಾರ ಅವನ ಅಂಗಿಗಳು ಇಸ್ತ್ರಿಗೆ ಬಂದಾಗಲೇ ಅವಳ ಕಿವಿ ನೆಟ್ಟಗಾಗಿತ್ತು.

"ರೀ, ಒಬ್ಬನೇ ಇರೋ ಗಂಡಸಿನ ಅಂಗಿ ಮೇಲೆ ಮೂರು ಬಣ್ಣದ ಕೂದಲು ಕಣ್ರೀ! ಕೆಂಚು, ಕಪ್ಪು, ಬಿಳಿ!"

"ಅವನ ಪುಣ್ಯ," ಎಂದ ಗಂಡ, ತನ್ನ ಬೋಳುತಲೆ ಸವರಿಕೊಳ್ಳುತ್ತ.

"ಹಲ್ಲು ಕಿಸೀಬೇಡಿ. ಮನುಷ್ಯರ ಕೂದಲಲ್ಲ ಅದು. ಯಾವುದೋ ಪ್ರಾಣೀದು. ಒಬ್ಬಂಟಿ ಮನುಷ್ಯನಿಗೆ ಅಷ್ಟೊಂದು ಪ್ರಾಣಿ ಸಹವಾಸ ಯಾಕೆ?"

ಅದಕ್ಕೆ ಉತ್ತರ ಸಿಗುವ ಮುಂಚೆ ಇನ್ನೊಂದು ಶುರುವಾಯಿತು. ಚಳಿ ಏರಿದ ಒಂದು ಬೆಳಗಿನ ಜಾವ ಅವಳು ಅಂಗಿಯೊಂದರ ತೋಳಿಗೆ ನೀರು ಚಿಮುಕಿಸುತ್ತಿದ್ದಾಗ ಗಡಿಯಾರದವನು ಮೆಟ್ಟಿಲಿಳಿದು ಬಂದ. ಕಾಲಲ್ಲಿ ಚಪ್ಪಲಿಯಿಲ್ಲ. ಅತ್ತ ಇತ್ತ ನೋಡಿದ. ನೆಟ್ಟಗೆ ಬ್ರೆಡ್ಡಿನ ವ್ಯಾನಿನ ಹತ್ತಿರ ಹೋಗಿ, ಬಗ್ಗಿ ಅದರ ಹೊಟ್ಟೆಯ ಕೆಳಗೆ ಇಣುಕಿದ. ಎದ್ದು ಬಾನೆಟ್ಟಿಗೆ ಕಿವಿಯಿಟ್ಟು ಆಲಿಸಿದ. ಆಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ, ಸ್ವಲ್ಪ ಹೊತ್ತು ಕಾದು, ಅಧ್ಯಕ್ಷರ ಕಾರಿಗೂ ಹಾಗೇ ಮಾಡಿ, ಕಟ್ಟಡದ ಪಕ್ಕದಿಂದ ಹಿಂದಿನ ಓಣಿಗೆ ನುಸುಳಿದ. ಇಸ್ತ್ರಿಯಮ್ಮನ ಮೂಗಿಗೆ ಸುಟ್ಟ ವಾಸನೆ ಬಡಿದಾಗಲೇ ಕೈಯಲ್ಲಿದ್ದ ಪೆಟ್ಟಿಗೆಯ ನೆನಪಾದದ್ದು.

ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ಚಳಿ ಹೆಚ್ಚಿದ್ದ ದಿನ ಇನ್ನೂ ಜಾಸ್ತಿ ಹೊತ್ತು ಕಿವಿಯಿಡುತ್ತಿದ್ದ.

"ಗಡಿಯಾರದವನಲ್ವೇನೇ, ಎಲ್ಲದಕ್ಕೂ ಕಿವಿ ಕೊಡೋ ಅಭ್ಯಾಸ," ಎಂದ ಗಂಡ.

"ಇವತ್ತು ಕಿವಿ ಕೊಟ್ಟವನು ನಾಳೆ ಕೈ ಕೊಡ್ತಾನೆ. ಗಾಡೀಲಿ ಯಾರಾದ್ರೂ ಮಲಗಿದ್ದಾರಾ, ತಟ್ಟಿದ್ರೆ ಯಾರಾದ್ರೂ ಏಳ್ತಾರಾ ಅಂತ ನೋಡ್ಕೊಳ್ತಿದ್ದಾನೆ. ನಿಮಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ."

ಭಾನುವಾರಗಳಂದು ಅವನು ಮುಚ್ಚಳದ ಬುಟ್ಟಿಯೊಂದನ್ನು ಹಿಡಿದು ಹೊರಡುತ್ತಿದ್ದ. ಮೇಲೆ ಟವೆಲ್ ಹೊದಿಸಿರುತ್ತಿತ್ತು. ಒಮ್ಮೆ ಅವಳು ಬೇಕಂತಲೇ ಎದುರಿಗೆ ಹೋಗಿ, "ಏನಪ್ಪಾ, ಸಂತೆಗಾ?" ಎಂದು ಕೇಳಿದಳು. "ಇಲ್ಲ ಅಕ್ಕಾ, ಹೀಗೇ ಒಂದು ಸಣ್ಣ ಕೆಲಸ," ಎಂದು ಬುಟ್ಟಿಯನ್ನು ಎದೆಗವಚಿಕೊಂಡು ಹೊರಟೇಬಿಟ್ಟ. ಬುಟ್ಟಿಯೊಳಗೆ ಏನೋ ಒದ್ದಾಡಿದ್ದನ್ನು ಅವಳು ಕಣ್ಣಾರೆ ಕಂಡಳು. ಸಣ್ಣ ಕೆಲಸವಂತೆ! ಸಣ್ಣ ಕೆಲಸಕ್ಕೆ ಹೋಗುವವನ ಬುಟ್ಟಿ ಅಲುಗಾಡುತ್ತದೆಯೇ?

ಕೊನೆಗೊಂದು ದಿನ ತಡೆಯಲಾಗಲಿಲ್ಲ. ಅವನು ಓಣಿಗೆ ನುಸುಳಿದ ಕೂಡಲೇ ಇಸ್ತ್ರಿಪೆಟ್ಟಿಗೆ ಆರಿಸಿ, ಗೋಡೆಗೆ ಬೆನ್ನು ಹಚ್ಚಿ, ಮೂಲೆಯವರೆಗೆ ಹೋಗಿ ನಿಂತಳು. ಇಣುಕಲು ಧೈರ್ಯ ಸಾಲಲಿಲ್ಲ. ಮೈಯೆಲ್ಲ ಕಿವಿ ಮಾಡಿಕೊಂಡಳು. ಆ ಮೆತ್ತನೆಯ ಗಂಟಲು ಯಾರಿಗೋ ವರದಿ ಒಪ್ಪಿಸುತ್ತಿತ್ತು.

"ಯಜಮಾನ್ರು ಇವತ್ತು ಒಳಗೇ ಇದ್ರು. ಒಳ್ಳೇ ನಿದ್ದೆ. ಅವರು ಒಳಗಿರೋವಾಗ ಗಾಡಿ ಮುಟ್ಟೋಕಾಗುತ್ತಾ? ಎದ್ದು ಹೋಗೋ ತನಕ ನಿಂತಿದ್ದೆ. ಈಗ ಹೋದ್ರು. ಇನ್ನು ಗಾಡಿ ತೆಗೆದ್ರೂ ಭಯ ಇಲ್ಲ."

ಯಜಮಾನರು ಎಂದರೆ ಇನ್ಯಾರು, ತನ್ನ ಯಜಮಾನರೇ. ಅವರು ಯಾವಾಗ ಮನೆಯೊಳಗಿರುತ್ತಾರೆ, ಯಾವಾಗ ಮಲಗುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ, ಎಲ್ಲ ಲೆಕ್ಕ ಹಾಕಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾನೆ! ಗಾಡಿ ತೆಗೆದರೂ ಭಯವಿಲ್ಲವಂತೆ! ಅಯ್ಯೋ ಪಾಪಿ, ನಮ್ಮ ಹೊಟ್ಟೆಯ ಮೇಲೆ ಹೊಡೆಯಲು ನಮ್ಮ ಮಾಳಿಗೆಯಲ್ಲೇ ಬಂದು ಕೂತೆಯಾ ಎಂದು ಅವಳಿಗೆ ಅಳುವೇ ಬಂತು. ಅಳು ಒರೆಸಿಕೊಂಡು ಸಂಘದ ಅಧ್ಯಕ್ಷರ ಮನೆಗೆ ಓಡಿದಳು.

ಅಧ್ಯಕ್ಷರು ಕೆಲಸದಿಂದ ನಿವೃತ್ತರಾದವರು, ಪಂಚಾಯಿತಿ ಮಾಡುವುದರಿಂದ ಆಗಿರಲಿಲ್ಲ. ಮಧ್ಯಾಹ್ನ ಎಲ್ಲರನ್ನೂ ಅಂಗಳಕ್ಕೆ ಕರೆಸಿ, ಗಡಿಯಾರದವನನ್ನು ವ್ಯಾನಿನ ಮುಂದೆ ನಿಲ್ಲಿಸಿ ಗಂಟಲು ಸರಿಮಾಡಿಕೊಂಡರು.

"ನೋಡಪ್ಪಾ, ನಿನ್ನ ಮೇಲೆ ದೂರು ಬಂದಿದೆ. ಬೆಳಗಾಗೋ ಮುಂಚೆ ಬೇರೆಯವರ ಗಾಡಿ ಹತ್ರ ನಿನಗೇನು ಕೆಲಸ?"

"ಬಾನೆಟ್ ತಟ್ತೀನಿ ಸಾರ್."

"ಅದೇ, ಯಾಕೆ?"

"ಚಳಿಗೆ ಬೆಕ್ಕುಗಳು ಇಂಜಿನ್ ಬೆಚ್ಚಗಿರುತ್ತೆ ಅಂತ ಒಳಗೆ ಸೇರ್ಕೊಂಡು ಮಲಗ್ತವೆ ಸಾರ್. ಗೊತ್ತಿಲ್ಲದೆ ಸ್ಟಾರ್ಟ್ ಮಾಡಿದ್ರೆ ಬೆಲ್ಟಿಗೆ ಸಿಕ್ಕಿಹಾಕ್ಕೊಂಡುಬಿಡ್ತವೆ. ಮೊದಲೇ ಒಂದ್ಸಲ ತಟ್ಟಿದ್ರೆ ಎದ್ದು ಹೋಗ್ತವೆ, ಅಷ್ಟೇ. ಸಂಘದ ಸಭೇಲೂ ಹೇಳಿದ್ದೆ, ಎಲ್ಲರೂ ತಟ್ಟಿ ಗಾಡಿ ತೆಗೀರಿ ಅಂತ."

ಹೇಳಿದ್ದನೋ ಇಲ್ಲವೋ ಯಾರಿಗೂ ನೆನಪಿರಲಿಲ್ಲ. ಆ ಸಭೆಯಲ್ಲಿ ಎಲ್ಲರೂ ನೀರಿನ ಮೋಟಾರಿನ ಬಗ್ಗೆ ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡುತ್ತಿದ್ದರು.

"ಹಾಗಾದ್ರೆ ಭಾನುವಾರ ಆ ಬುಟ್ಟೀಲಿ ಏನು ಸಾಗಿಸ್ತೀಯಾ?" ಇಸ್ತ್ರಿಯಮ್ಮ ಮುಂದೆ ಬಂದಳು.

"ಬೆಕ್ಕೇ ಅಕ್ಕಾ. ಪ್ರಾಣಿಗಳ ಆಸ್ಪತ್ರೆಗೆ ತಗೊಂಡು ಹೋಗಿ ಆಪರೇಷನ್ ಮಾಡಿಸ್ತೀನಿ. ಮರಿ ಮೇಲೆ ಮರಿ ಹಾಕಿ, ಅವು ಬೀದೀಲಿ ಗಾಲಿಗೆ ಸಿಕ್ಕಿ ಸಾಯೋದನ್ನ ನೋಡೋಕಾಗಲ್ಲ."

"ಕೇಳಿದ್ರಾ! ಇವನ ಹೊಟ್ಟೆಪಾಡು ಗಡಿಯಾರ, ಪುರುಸೊತ್ತಲ್ಲಿ ಬೆಕ್ಕಿಗೆ ಆಪರೇಷನ್! ಸರಿ, ಇದನ್ನ ಹೇಳು. ಓಣೀಲಿ ನಿಂತು ಯಜಮಾನ್ರು ಒಳಗಿದ್ರು, ಯಜಮಾನ್ರು ಹೋದ್ರು, ಇನ್ನು ಗಾಡಿ ತೆಗೀಬಹುದು ಅಂತ ಯಾರಿಗೆ ಹೇಳ್ತಿದ್ದೆ?"

ಗಡಿಯಾರದವನು ಬೆಚ್ಚಿದ. ಅದನ್ನು ಎಲ್ಲರೂ ಕಂಡರು. ಅವನ ಕಣ್ಣು ಒಂದು ಕ್ಷಣ ಓಣಿಯ ಕಡೆಗೆ ಓಡಿ ವಾಪಸ್ ಬಂತು.

"ಅದು... ಯಜಮಾನ್ರು ಅನ್ನೋದು ಬೆಕ್ಕಿನ ಹೆಸರು ಅಕ್ಕಾ."

ಅಂಗಳಕ್ಕೆ ಅಂಗಳವೇ ಗೊಳ್ಳೆಂದಿತು. ಎಂದೂ ದನಿ ಎತ್ತದ ಇಸ್ತ್ರಿಯಮ್ಮನ ಗಂಡನಿಗೂ ಅವತ್ತು ರೇಗಿತು. "ಬೆಕ್ಕಿಗೆ ಯಾರಾದ್ರೂ ಯಜಮಾನ್ರು ಅಂತಾರೇನ್ರೀ? ಅದೂ ಬಹುವಚನದಲ್ಲಿ! ಇದ್ರು, ಹೋದ್ರು, ಎದ್ರು ಅಂತೆ! ನನಗೇ ಈ ಮನೇಲಿ ಅಷ್ಟು ಮರ್ಯಾದೆ ಇಲ್ಲ!"

"ಯಾರ ಬೆಕ್ಕು ಅದು? ಯಾರಿಟ್ಟ ಹೆಸರು?" ಇಸ್ತ್ರಿಯಮ್ಮ ಬಿಡಲಿಲ್ಲ.

"ಅದನ್ನ ಹೇಳೋಕಾಗಲ್ಲ ಅಕ್ಕಾ. ಮಾತು ಕೊಟ್ಟಿದ್ದೀನಿ."

ಇನ್ನೇನು ಬೇಕು? ಅಧ್ಯಕ್ಷರು ಬಾನೆಟ್ ತೆಗೆಸಿದರು. ಬಿಸಿಲು ನೆತ್ತಿಯ ಮೇಲಿತ್ತು, ಬೆಕ್ಕಿರಲಿ ಬೆಕ್ಕಿನ ಬಾಲವೂ ಕಾಣಲಿಲ್ಲ. ಎಲ್ಲರೂ ಇಣುಕಿ, ತಲೆಯಾಡಿಸಿ, ಹಿಂದೆ ಸರಿದರು. ಕೊನೆಗೆ ಇಸ್ತ್ರಿಯಮ್ಮ ಇಣುಕಿದಳು. ಇಂಜಿನ್ನಿನ ಪಕ್ಕದ ಜಿಡ್ಡಿನಲ್ಲಿ ನಾಲ್ಕಾರು ಕೂದಲು ಅಂಟಿಕೊಂಡಿದ್ದವು. ನೂಲು ಯಾವುದು, ಕೂದಲು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಂಚು ಕೂದಲು. ಅವಳ ಬಾಯಿ ತೆರೆಯಿತು. ಹಾಗೇ ಮುಚ್ಚಿಕೊಂಡಿತು. ಇದನ್ನೂ ಇವನೇ ಅಂಟಿಸಿಟ್ಟಿರಬೇಕು, ಎಷ್ಟು ಪಕ್ಕಾ ಆಸಾಮಿ ನೋಡು ಎಂದುಕೊಂಡಳು.

ಇನ್ನು ಮೇಲೆ ಗಾಡಿಗಳ ಹತ್ತಿರ ಸುಳಿದರೆ ಮನೆ ಖಾಲಿ ಮಾಡಬೇಕು ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಗಡಿಯಾರದವನು ತನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಸ್ತ್ರಿಯಮ್ಮನ ಗಂಡನ ಹತ್ತಿರ ಬಂದು ಮೆತ್ತಗೆ ಹೇಳಿದ. "ಆಯ್ತು ಅಣ್ಣಾ, ನಾನು ಬರಲ್ಲ. ಹೊರಡೋ ಮುಂಚೆ ನೀವೇ ಒಂದ್ಸಲ ತಟ್ಟಿಬಿಡಿ. ಅಷ್ಟು ಮಾಡಿ, ಸಾಕು."

"ನಾಟಕ," ಎಂದಳು ಇಸ್ತ್ರಿಯಮ್ಮ, ಎಲ್ಲರಿಗೂ ಕೇಳುವ ಹಾಗೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ತಟ್ಟೆಯಲ್ಲಿ ಬರೀ ಬೆರಳಾಡಿಸುತ್ತಿದ್ದರು. ಅಂಗಳದ ಗಲಾಟೆಯೆಲ್ಲ ಅವರಿಗೂ ಕೇಳಿಸಿತ್ತು.

"ಪಾಪ ಕಣೇ, ಆ ಹುಡುಗನನ್ನ ಹಾಗೆ ಎಲ್ಲರ ಮುಂದೆ ಅನ್ನಬಾರದಿತ್ತು."

"ಅವನ ಸುದ್ದಿ ನಿಮಗ್ಯಾಕೆ ಅತ್ತೆ? ನೀವು ಅವನ ಮುಖಾನೇ ನೋಡಿಲ್ಲ."

ಅತ್ತೆ ಒಂದು ಗುಟುಕು ನೀರು ಕುಡಿದರು. ಆಮೇಲೆ ಮಗನ ಕಡೆ ತಿರುಗಿದರು. "ಲೋ, ನಾಳೆ ಗಾಡಿ ತೆಗೆಯೋ ಮುಂಚೆ ಒಂದ್ಸಲ ತಟ್ಟಿ ತೆಗಿಯೋ. ನಿನ್ನ ಗಂಟೇನು ಹೋಗುತ್ತೆ?"

"ನಿನಗೂ ಅವನ ಹುಚ್ಚು ಹತ್ತಿತಾ ಅಮ್ಮಾ?" ಮಗ ನಕ್ಕ.

ಇಸ್ತ್ರಿಯಮ್ಮ ನಗಲಿಲ್ಲ. ಅತ್ತೆಯನ್ನು ಓರೆಗಣ್ಣಿನಿಂದ ನೋಡಿದಳು. ಯಾವತ್ತೂ ಗಾಡಿಯ ಸುದ್ದಿ ಎತ್ತದವರು ಇವತ್ತೇಕೆ ಎತ್ತಿದರು? ಊಟವಾದ ಮೇಲೆ ಹಿಂದಿನ ಕೋಣೆಗೆ ಹೋಗಿ ಕಿಟಕಿಯ ಚಿಲಕವನ್ನು ಹಾಕಿ, ಎಳೆದು, ಮತ್ತೊಮ್ಮೆ ಎಳೆದು ನೋಡಿದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ನಿದ್ದೆ ಬಂದಿರಲಿಲ್ಲ.

ತೀರ್ಪು ಆಯಿತೆಂದು ಸುಮ್ಮನಿರಲು ಅವಳೇನು ಅಧ್ಯಕ್ಷರೇ? ಸಿಕ್ಕಿಬಿದ್ದ ಕಳ್ಳ ಕೆಲಸ ಬೇಗ ಮುಗಿಸಲು ನೋಡುತ್ತಾನೆ, ನಾಳೆಯೇ ಬರುತ್ತಾನೆ ಎಂದು ಅವಳ ಒಳಮನಸ್ಸು ಹೇಳಿತು. ಗಂಡನಿಗೆ ಉಪಾಯ ಹೇಳಿಕೊಟ್ಟಳು. ಜಾವಕ್ಕೆ ಮುಂಚೆ ಹೋಗಿ ವ್ಯಾನಿನೊಳಗೆ ಸದ್ದಿಲ್ಲದೆ ಕೂತಿರಬೇಕು. ಟಕ್ ಎಂದು ಸದ್ದಾದ ತಕ್ಷಣ ಕೀ ತಿರುಗಿಸಬೇಕು. ಬ್ಯಾಟರಿ ಸೊರಗಿತ್ತು, ಇಂಜಿನ್ ಓಡಿದರೇ ದೀಪಕ್ಕೆ ಕಣ್ಣು. ದೀಪ ಹತ್ತಿದ ಕೂಡಲೇ ಅವಳು ಮುಂಬಾಗಿಲಿನಿಂದ ದೊಣ್ಣೆ ಹಿಡಿದು ನುಗ್ಗುವಳು. ಕಳ್ಳ ಬೆಳಕಿನಲ್ಲಿ, ದೊಣ್ಣೆ ಬೆನ್ನಿನಲ್ಲಿ.

"ಗಾಡಿ ಬಾಗಿಲು ದಡ್ ಅಂತ ಹಾಕಬೇಡಿ ಮತ್ತೆ. ನಿಮ್ಮ ಕೈ ಒರಟು," ಎಂದು ಎಚ್ಚರಿಸಲೂ ಮರೆಯಲಿಲ್ಲ. ಪಾಪ, ಅವನು ದಿನಾ ದಡ್ ಎಂದೇ ಹಾಕುತ್ತಿದ್ದ. ಅವತ್ತು ಮಾತ್ರ ಹೆಂಡತಿಯ ಮಾತು ಕೇಳಿ, ಬಾಗಿಲನ್ನು ಮಗುವಿನ ಹಾಗೆ ಮೆಲ್ಲಗೆ ಎಳೆದುಕೊಂಡು, ಕಂಬಳಿ ಹೊದ್ದು ಕೂತ.

ಕೊರೆಯುವ ಚಳಿ. ವ್ಯಾನಿನ ಗಾಜಿನ ಮೇಲೆಲ್ಲ ಇಬ್ಬನಿ ಕಟ್ಟಿ ಒಳಗಿನವನಿಗೆ ಹೊರಗಿನದೇನೂ ಕಾಣದು. ಇಸ್ತ್ರಿಯಮ್ಮ ಬಾಗಿಲ ಸಂದಿಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದಳು. ಸ್ವಲ್ಪ ಹೊತ್ತಿನಲ್ಲೇ ಓಣಿಯ ಕಡೆಯಿಂದ ಕಾಲೆಳೆಯುವ ಸದ್ದು. ಬಂದ! ಇವತ್ತು ಮೆಟ್ಟಿಲ ಕಡೆಯಿಂದ ಬರಲಿಲ್ಲ, ಹಿಂದಿನಿಂದ ಬಂದ, ಎಂಥ ಖದೀಮ! ಕತ್ತಲಲ್ಲಿ ಕುಗ್ಗಿದ ಆಕಾರವೊಂದು ಗೋಡೆ ಹಿಡಿದು, ನಿಂತು ನಿಂತು, ವ್ಯಾನಿನ ಮೂತಿಯವರೆಗೆ ಬಂತು. ಕೈ ಎತ್ತಿತು.

ಟಕ್.

ಒಳಗೆ ಕೀ ತಿರುಗಿತು. ಇಂಜಿನ್ ಒಮ್ಮೆ ಕೆಮ್ಮಿತು.

"ಬೇಡ್ವೋ! ಲೋ, ಬೇಡ್ವೋ! ಯಜಮಾನ್ರು ಒಳಗಿದ್ದಾರೆ!"

ಅದು ಅತ್ತೆಯ ದನಿ. ವರ್ಷದಿಂದ ಹೊಸಿಲು ದಾಟದ ಅತ್ತೆ, ಅಡುಗೆಮನೆಯ ಹಿಂಬಾಗಿಲಿನಿಂದ ಇಳಿದು, ಇಡೀ ಓಣಿಯನ್ನು ಗೋಡೆ ಹಿಡಿದು ನಡೆದು ಬಂದು, ಊರುಗೋಲಿನಿಂದ ಬಾನೆಟ್ಟಿಗೆ ಬಡಿಯುತ್ತ ಕಿರುಚುತ್ತಿದ್ದರು. ಆ ಕೂಗಿನ ಜೊತೆಗೇ ವ್ಯಾನಿನ ಹೊಟ್ಟೆಯೊಳಗಿನಿಂದ ಇನ್ನೊಂದು ಕೂಗು ಬಂತು. ಅದನ್ನು ಕೇಳಿ ಇಸ್ತ್ರಿಯಮ್ಮನ ಕೈಯಿಂದ ದೊಣ್ಣೆ ಜಾರಿ ಬಿತ್ತು. ಗಂಡ ಕೀಯಿಂದ ಕೈ ಕಿತ್ತುಕೊಂಡ. ಆ ಗಾಡಿ ಮೊದಲ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿಯಾಗಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಅದು ಕೆಮ್ಮಿ ನಿಂತಿತು. ಗಾಲಿಯ ಪಕ್ಕದಿಂದ ಕೆಂಚು ಉಂಡೆಯೊಂದು ಉರುಳಿ, ತೆವಳಿ, ತೆರೆದ ಬಾಗಿಲಿನಲ್ಲಿ ಇಸ್ತ್ರಿಯಮ್ಮನ ಕಾಲುಗಳ ನಡುವೆಯೇ ನುಗ್ಗಿ, ಮೇಜಿನ ಕೆಳಗಿನ ಬಟ್ಟೆಯ ಬುಟ್ಟಿಯನ್ನು ಹೊಕ್ಕಿತು.

ದೀಪ ಹಾಕಿ ನೋಡಿದರೆ ಬಿಳಿ ಬಟ್ಟೆಗಳ ಮೇಲೆಲ್ಲ ರಕ್ತ. ಬಾಲ ಜಜ್ಜಿಹೋಗಿತ್ತು, ಹಿಂಗಾಲಿನ ಚರ್ಮ ಕಿತ್ತು ಬಂದಿತ್ತು. ಅದೇ ಬೆಕ್ಕು. ಅವಳೇ ಪೊರಕೆ ಹಿಡಿದು ಓಡಿಸಿದ್ದ ಕೆಂಚು ಬೆಕ್ಕು. ಅದು ಅವಳ ಮುಖವನ್ನೇ ನೋಡುತ್ತ, ಎಲ್ಲಿ ಹೊಡೆಯುತ್ತಾಳೋ ಎಂಬಂತೆ ಇನ್ನಷ್ಟು ಒಳಗೆ ಸರಿಯಿತು. ಇಸ್ತ್ರಿಯಮ್ಮ ಬಗ್ಗಿ ಕೈ ಚಾಚಿದಳು. ಹಿಂದಿನ ರಾತ್ರಿ ಗರಿಗರಿಯಾಗಿ ಮಡಚಿಟ್ಟಿದ್ದ ಅಧ್ಯಕ್ಷರ ಅಂಗಿ ಕೈಗೆ ಸಿಕ್ಕಿತು. ಅದರಲ್ಲೇ ಬೆಕ್ಕನ್ನು ಸುತ್ತಿ ಮಡಿಲಿಗೆ ಎಳೆದುಕೊಂಡಳು.

ಗಂಡ ತಾಯಿಯನ್ನು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ.

"ಹಗಲೆಲ್ಲ ನನ್ನ ಕಿಟಕೀಲಿ ಇರುತ್ತೆ," ಎಂದರು ಅತ್ತೆ. "ರಾತ್ರಿ ನೀನು ಚಿಲಕ ಹಾಕಿದ ಮೇಲೆ ಎಲ್ಲಿಗೆ ಹೋಗಬೇಕು ಅದು? ಗಾಡಿ ಬೆಚ್ಚಗಿರುತ್ತೆ, ಅಲ್ಲಿಗೆ ಹೋಗುತ್ತೆ. ನನಗೆ ಇಳಿಯೋಕಾಗಲ್ಲ ಅಂತ ಆ ಹುಡುಗನಿಗೆ ಹೇಳಿದ್ದೆ, ದಿನಾ ಎಬ್ಬಿಸಿ, ಓಣಿ ಕಡೆಯಿಂದ ನನ್ನ ಕಿಟಕಿಗೆ ಬಂದು ಹೇಳು ಅಂತ. ನಿನಗೆ ಹೇಳಬೇಡ ಅಂತ ಮಾತು ತಗೊಂಡಿದ್ದೂ ನಾನೇ."

"ನನಗ್ಯಾಕೆ ಹೇಳಲಿಲ್ಲ ಅತ್ತೆ? ನಿನ್ನೆ ರಾತ್ರಿಯಾದ್ರೂ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಮತ್ತೆ ಪೊರಕೆ ತಗೋತಿದ್ದೆ ಕಣೇ."

ತಗೋತಿದ್ದಳು. ಅನುಮಾನವೇ ಬೇಡ.

ಬೆಕ್ಕನ್ನು ಅತ್ತೆಯ ಮಡಿಲಿಗೆ ಕೊಟ್ಟು ಅವಳು ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯ ಬಾಗಿಲ ಪಕ್ಕ ನೀರಿನ ಬಟ್ಟಲೊಂದಿತ್ತು, ಅದರ ಪಕ್ಕ ಮುಚ್ಚಳದ ಬುಟ್ಟಿ. ಕೈಯೆತ್ತಿ ತಟ್ಟಿದಳು. ಒಳಗೆ ಏನೋ ಸರಿದಾಡಿತು, ಆಮೇಲೆ ಸದ್ದಿಲ್ಲ. ಬಾಗಿಲಿನ ಆ ಬದಿಯಲ್ಲಿ ಅವನು ಕಿವಿಯಿಟ್ಟು ನಿಂತಿದ್ದಾನೆಂದು ಅವಳಿಗೆ ಗೊತ್ತಾಯಿತು.

"ಯಾರು?"

"ನಾನಪ್ಪಾ. ಕೆಳಗಿನ ಮನೆಯವಳು."

"ನಾನು ಇವತ್ತು ಕೆಳಗೇ ಬಂದಿಲ್ಲ ಅಕ್ಕಾ. ಗಾಡಿ ಹತ್ರ ಸುಳಿದಿಲ್ಲ. ಯಾರನ್ನ ಬೇಕಾದ್ರೂ ಕೇಳಿ."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಬಾಗಿಲಿಗೆ ಹಣೆ ತಾಗಿಸಿ ನಿಂತಳು. "ಗೊತ್ತಪ್ಪಾ. ಬಾಗಿಲು ತೆಗಿ. ಯಜಮಾನರಿಗೆ ಏಟಾಗಿದೆ."

ಆ ಮೆತ್ತನೆಯ ದನಿ ಹುಷಾರಾಗಿ ಕೇಳಿತು. "ಯಾವ ಯಜಮಾನರಿಗೆ?"

"ಒಳಗಿದ್ದವರಿಗೆ," ಎಂದಳು ಇಸ್ತ್ರಿಯಮ್ಮ, ಅಳುತ್ತ.

ಚಿಲಕ ಸರಿಯಿತು. ಅವನು ಬರಿಗಾಲಲ್ಲೇ ಬುಟ್ಟಿ ಎತ್ತಿಕೊಂಡು ಅವಳಿಗಿಂತ ಮುಂಚೆ ಮೆಟ್ಟಿಲಿಳಿದ.

ಆವತ್ತು ಬ್ರೆಡ್ಡಿನ ವ್ಯಾನು ಬೇಕರಿಗಿಂತ ಮುಂಚೆ ಪ್ರಾಣಿಗಳ ಆಸ್ಪತ್ರೆಗೆ ಹೋಯಿತು. ಡಾಕ್ಟರು ಅರ್ಧ ಬಾಲ ತೆಗೆದರು, ಕಾಲಿಗೆ ಹೊಲಿಗೆ ಹಾಕಿದರು, ಜೀವಕ್ಕೇನೂ ಭಯವಿಲ್ಲ ಎಂದರು. ಹೊರಗಿನ ಬೆಂಚಿನಲ್ಲಿ ಕಾಯುವಾಗ ಇಸ್ತ್ರಿಯಮ್ಮ ಗಡಿಯಾರದವನ ಮುಖ ನೋಡದೆ, "ತಪ್ಪಾಯ್ತಪ್ಪಾ," ಎಂದಳು. "ನಾಳೆಯಿಂದ ನೀವೂ ತಟ್ಟಿ ಅಕ್ಕಾ, ಇಬ್ಬರಾದ್ರೆ ಬೀದೀಲಿ ನಿಲ್ಲಿಸಿರೋ ಗಾಡಿಗಳನ್ನೂ ನೋಡ್ಕೋಬಹುದು," ಎಂದ ಅವನು. ಅಷ್ಟರಲ್ಲೇ ಆ ಮಾತು ಮುಗಿಯಿತು. ಮನೆಗೆ ಬಂದ ಮೇಲೆ ಅವಳು ಅತ್ತೆಯನ್ನು ಕೇಳಿದಳು, ಇಷ್ಟೆಲ್ಲ ರಾದ್ಧಾಂತ ಮಾಡಿದ ಆ ಹೆಸರು ಯಾಕಿಟ್ಟಿರಿ ಎಂದು.

"ನಿಮ್ಮ ಮಾವ ಹೀಗೇ ತಾನೆ ಇದ್ದದ್ದು," ಎಂದರು ಅತ್ತೆ. "ಊಟದ ಹೊತ್ತಿಗೆ ಸರಿಯಾಗಿ ಹಾಜರು. ಮಿಕ್ಕ ಹೊತ್ತು ಎಲ್ಲಿರ್ತಿದ್ರೋ ಕೇಳೋ ಹಾಗಿರಲಿಲ್ಲ."

ಈಗ ಜಾವದಲ್ಲಿ ಅಂಗಳದ ಗಾಡಿಗಳನ್ನು ತಟ್ಟುವವಳು ಇಸ್ತ್ರಿಯಮ್ಮ. ಗಡಿಯಾರದವನು ಬೀದಿ ನೋಡಿಕೊಳ್ಳುತ್ತಾನೆ. ನನ್ನ ಕಾರಿಗೇಕೆ ಗುದ್ದುತ್ತೀಯಮ್ಮಾ ಎಂದು ಅಧ್ಯಕ್ಷರು ಒಮ್ಮೆ ಕಿಟಕಿಯಿಂದ ಕೂಗಿದ್ದರು. ತಟ್ಟದೆ ಗಾಡಿ ತೆಗೆದವರ ಬಟ್ಟೆ ಇನ್ನು ಮೇಲೆ ಮುದುಡಿಕೊಂಡೇ ಇರುತ್ತೆ ಎಂದು ಅವಳು ಕೆಳಗಿನಿಂದಲೇ ಉತ್ತರ ಕೊಟ್ಟಿದ್ದಳು. ರಾತ್ರಿ ಹಿಂದಿನ ಕಿಟಕಿಯ ಚಿಲಕವನ್ನು ಈಗಲೂ ಅವಳೇ ಹಾಕುತ್ತಾಳೆ, ಎರಡು ಸಲ ಎಳೆದೂ ನೋಡುತ್ತಾಳೆ. ಅದಕ್ಕೆ ಮುಂಚೆ ಮಾತ್ರ ಅತ್ತೆಯ ಕಂಬಳಿ ಎತ್ತಿ, ಅರ್ಧ ಬಾಲದವರು ಒಳಗಿದ್ದಾರೆಯೇ ಎಂದು ನೋಡಿಕೊಳ್ಳುತ್ತಾಳೆ.

ಮೊನ್ನೆ ಆ ಕಪ್ಪು ಕೋಟಿನ ಗಿರಾಕಿ ಮತ್ತೆ ಬಂದಿದ್ದರು. ಕೋಟಿನ ತೋಳಿನಿಂದ ಒಂದು ಕೆಂಚು ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಏನಮ್ಮಾ ಇದು? ಯಾರ ಕೂದಲು?"

"ನಮ್ಮ ಯಜಮಾನರದ್ದು," ಎಂದಳು ಇಸ್ತ್ರಿಯಮ್ಮ, ಪೆಟ್ಟಿಗೆಯಿಂದ ಕೈ ಎತ್ತದೆ.

ಅಷ್ಟರಲ್ಲಿ ಅವಳ ಗಂಡ ಬ್ರೆಡ್ಡಿನ ತಟ್ಟೆ ಹೊತ್ತು ಒಳಗೆ ಬಂದ. ಗಿರಾಕಿ ಅವನ ಬೋಳುತಲೆಯನ್ನು ನೋಡಿದರು. ಕೈಯಲ್ಲಿದ್ದ ಕೂದಲನ್ನು ನೋಡಿದರು. ಇಸ್ತ್ರಿಯಮ್ಮನನ್ನು ಬಹಳ ಹೊತ್ತು, ಗುಮಾನಿಯಿಂದ ನೋಡಿದರು.